ಅಕ್ಕ ಕೂಗದ ಹೆಸರು

ಮಾರ್ಚ್ ೨

ನನ್ನ ಸೂಜಿ ತಂಗಿಗೆ,

ಪರದೆ ಸರಿಯಲಿ, ದೀಪ ಹತ್ತಲಿ, ಹಿಂದಿನ ಬೆಂಚಿನವರು ಕೆಮ್ಮುವುದನ್ನು ನಿಲ್ಲಿಸಲಿ! ನಿನ್ನ ಅಕ್ಕನಿಗೆ ಕೆಲಸ ಸಿಕ್ಕಿದೆ. ನಾನು ಪಾತ್ರ ಮಾಡಿ ನೀನು ಉಡುಪು ಹೊಲಿದ ನಾಟಕ ಕಂಪನಿ ಬಾಗಿಲು ಹಾಕಿದ ಮೇಲೆ ಎಂಟು ತಿಂಗಳು ಈ ಗಂಟಲಿಗೆ ತುಕ್ಕು ಹಿಡಿದಿತ್ತು. ಈಗ ದೊಡ್ಡಾಸ್ಪತ್ರೆಯಲ್ಲಿ ನಂಬರು ಕೂಗುವ ಹುದ್ದೆ. ನಗಬೇಡ. ಹನ್ನೊಂದು ಜನ ಅರ್ಜಿ ಹಾಕಿದ್ದರು. ಮೇಲ್ವಿಚಾರಕಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೂಗಿಸಿದಳು. ನನ್ನ ಸರದಿ ಬಂದಾಗ ಮಹಾರಾಣಿ ಸೇನೆಯನ್ನು ಕರೆಯುವ ದನಿಯಲ್ಲಿ "ನಂಬರ್ ಹದಿನೇಳು" ಅಂದೆ ನೋಡು, ಪಕ್ಕದ ಕೋಣೆಯಲ್ಲಿ ಕಟ್ಟು ಹಾಕಿಸಿಕೊಳ್ಳುತ್ತಿದ್ದವನು ಕುಂಟಿಕೊಂಡು ಎದ್ದು ಬಂದ. ಕೆಲಸ ಆಗಲೇ ನನ್ನದಾಯಿತು.

ಇದು ಎಚ್‌ಐವಿ ರಕ್ತಪರೀಕ್ಷೆ ಮಾಡುವ ವಿಭಾಗ. ಇಲ್ಲಿ ಯಾರ ಹೆಸರನ್ನೂ ಕೂಗುವಂತಿಲ್ಲ, ಬರಿಯ ನಂಬರು. ನಾನು ಮರದ ತಡಿಕೆಯ ಹಿಂದೆ ನಿಂತಿರುತ್ತೇನೆ. ಸಣ್ಣ ಕಿಂಡಿಯಿಂದ ನನಗೆ ಅವರು ಕಾಣುತ್ತಾರೆ, ಅವರಿಗೆ ನನ್ನ ದನಿ ಮಾತ್ರ. ಒಳಗೆ ಕಂಡದ್ದು ಹೊರಗೆ ಹೋಗಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರೆ. ಬಾಯಿ ಬಿಟ್ಟರೆ ಅದೇ ದಿನ ಮನೆಗೆ. ಮನೆ ಅಂದರೆ ಆಸ್ಪತ್ರೆಯವರೇ ಕೊಟ್ಟ ಹಾಸ್ಟೆಲಿನ ಕೋಣೆ, ಹಾಗಾಗಿ ಅದೂ ಇಲ್ಲ.

ನಿನ್ನ ಸಮಾಚಾರ ಬರೆ. ಲಿಫ್ಟ್ ಕೂರಿಸುವ ನಿನ್ನ ಯಜಮಾನ ಈಗ ಯಾವ ಊರಿನ ಎಷ್ಟನೇ ಅಂತಸ್ತಿನಲ್ಲಿದ್ದಾನೆ? ಅವನನ್ನು ಹುಡುಕಿ ತಂದವಳು ನಾನು ಅನ್ನುವ ಜಂಬ ನನಗಿನ್ನೂ ಇಳಿದಿಲ್ಲ. ಬೇಗ ಒಂದು ಕೂಸನ್ನು ಹೆತ್ತು ಕೈಗೆ ಕೊಡು, ಅದಕ್ಕೆ ನಾನು ಜೋಗುಳ ಹಾಡಿದರೆ ಬೀದಿಯೇ ಎಚ್ಚರವಾಗಬೇಕು.

ನಿನ್ನ ಅಕ್ಕ


ಮಾರ್ಚ್ ೧೫

ಅಕ್ಕ,

ನಿನ್ನ ಕಾಗದವನ್ನೂ ಕಿವಿಯಿಂದ ಸ್ವಲ್ಪ ದೂರ ಹಿಡಿದೇ ಓದಬೇಕು. ಕೆಲಸ ಸಿಕ್ಕಿದ್ದು ಕೇಳಿ ಹಗುರವಾಯಿತು.

ನನ್ನ ಕೆಲಸ ಮಾತ್ರ ಹೋಯಿತು. ನನ್ನ ಹೊಲಿಗೆ ಮೆಷಿನ್ನನ್ನು ಅತ್ತೆ ನಾದಿನಿಯ ಮನೆಗೆ ಕಳಿಸಿಬಿಟ್ಟರು. ಪೆಡಲು ತುಳಿದು ತುಳಿದೇ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲವಂತೆ. ಮೂರು ವರ್ಷವಾಯಿತು ಅಂತ ಬಂದವರಿಗೆಲ್ಲ ಬೆರಳು ಮಡಿಚಿ ತೋರಿಸುತ್ತಾರೆ. ಮೊನ್ನೆ ಅವರ ತಂಗಿ ಬಂದಿದ್ದಾಗ, ನಾನು ಅಲ್ಲೇ ತಟ್ಟೆ ಒರೆಸುತ್ತಿದ್ದೆ, "ಇನ್ನೊಂದ್ ವರ್ಷ ನೋಡ್ತೀವಿ, ಆಮೇಲೆ ಬೇರೆ ಹುಡುಗಿ ನೋಡೋದೇ" ಅಂದರು. ಕರ್ಟನ್ನು ಬದಲಾಯಿಸುವ ಮಾತಿನ ಹಾಗೆ.

ಇವರು ಮೂರು ವಾರಕ್ಕೊಮ್ಮೆ ಬರುತ್ತಾರೆ. ಈ ಸಲ ತುಂಬಾ ಸೊರಗಿದ್ದರು. ಬೆಲ್ಟಿಗೆ ಹೊಸದಾಗಿ ಎರಡು ತೂತು ಹಾಕಿಕೊಟ್ಟೆ. ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಮುಂದಿನ ಕೆಲಸ ನಿನ್ನ ಊರಿನಲ್ಲೇ ಇದೆಯಂತೆ, ಅಲ್ಲಿ ದೊಡ್ಡಾಸ್ಪತ್ರೆಗೆ ತೋರಿಸಿ ಅಂದಿದ್ದೇನೆ. ನೀನು ಅಲ್ಲಿರುವುದನ್ನು ಹೇಳಿಲ್ಲ. ಎದುರಿಗೆ ಸಿಕ್ಕಾಗ ಅವರ ಮುಖ ಹೇಗಾಯಿತು ಅಂತ ನೀನು ಬರೆಯಬೇಕು, ಅದೊಂದು ತಮಾಷೆ ನನಗಿರಲಿ.

ಫೋನು ಅತ್ತೆಯ ದಿಂಬಿನ ಕೆಳಗಿರುತ್ತದೆ. ಆದರೆ ಅವರಿಗೆ ಓದಲು ಬಾರದು, ನೀನು ಧೈರ್ಯವಾಗಿ ಬರೆ. ಅಂದಹಾಗೆ ನಿನ್ನ ಕೋಣೆ ಎಷ್ಟು ದೊಡ್ಡದು? ಕಿಟಕಿ ಇದೆಯಾ?

ಸೂಜಿ


ಏಪ್ರಿಲ್ ೩

ತಂಗೀ,

ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ "ನಂಬರ್ ನಲವತ್ತೊಂದು" ಅಂದೆ. ಬೆಂಚಿನ ತುದಿಯಲ್ಲಿ ಒಬ್ಬ ಎದ್ದವನು ಅರ್ಧಕ್ಕೆ ಹಾಗೇ ನಿಂತ. ದನಿಯ ಗುರುತು ಹತ್ತಿತ್ತು ಅವನಿಗೆ. ಸೊರಗಿದ ಮುಖಕ್ಕಿಂತ ಮೊದಲು ನನಗೆ ಬೆಲ್ಟಿನ ಗುರುತು ಹತ್ತಿತು, ಎರಡು ಹೊಸ ತೂತು.

ಅದು ಎರಡನೇ ಪರೀಕ್ಷೆ, ಖಚಿತ ಮಾಡಿಕೊಳ್ಳಲು. ಖಚಿತವಾಯಿತು. ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಹಿಂದೆ ಕಾದು ನಿಂತಿದ್ದ. ಕೆಲಸಕ್ಕೆ ಹೋದ ಊರುಗಳು, ತಿಂಗಳುಗಟ್ಟಲೆ ಬಾಡಿಗೆ ಕೋಣೆ, ಜೊತೆಗಾರರು ಹೋದಲ್ಲಿ ತಾನೂ ಹೋದದ್ದು, ಎಲ್ಲ ಹೇಳಿಕೊಂಡು ಅತ್ತ. ನಿನಗೆ ನಾನೇ ಬರೆಯುತ್ತೇನೆ ಅಂದೆ. ನನ್ನ ಎರಡೂ ಕೈ ಹಿಡಿದುಕೊಂಡ. "ಅತ್ತಿಗೆ, ನನ್ ಬಾಯಿಂದ್ಲೇ ಅವಳಿಗೆ ಗೊತ್ತಾಗ್ಲಿ. ಒಂದ್ ತಿಂಗಳು ಟೈಮ್ ಕೊಡಿ. ಅಲ್ಲೀವರ್ಗೂ ಅವಳನ್ನ ಮುಟ್ಟಲ್ಲ."

ನಾನು ಮಾತು ಕೊಟ್ಟೆ. ಕೊಟ್ಟ ಮಾತಿಗಾಗಿ ಇಪ್ಪತ್ತು ವರ್ಷ ರಂಗದ ಮೇಲೆ ರಾಜ್ಯ ಬಿಟ್ಟೆ, ವಿಷ ಕುಡಿದೆ, ಚಿತೆ ಏರಿದೆ. ಮಾತು ಕೊಡುವುದು ಅಂದರೆ ನನ್ನ ಕಣ್ಣಿಗೆ ಈಗಲೂ ದೊಡ್ಡ ದೃಶ್ಯ. ಕೊಟ್ಟಾದ ಮೇಲೆ ನೋಡಿದರೆ ಚಪ್ಪಾಳೆ ಇಲ್ಲ, ಎದುರಿಗೆ ಸೈಕಲ್ಲುಗಳು.

ನಿಜ ಹೇಳುತ್ತೇನೆ, ಇದು ಕಳಿಸದ ಕಾಗದ ತಾನೆ. ಮಾತು ಕೊಟ್ಟಾಗ ನನಗೆ ಸಮಾಧಾನವೂ ಆಯಿತು. ನಿನಗೆ ಹೇಳುವ ಕೆಲಸ ತಪ್ಪಿತು. ಈ ಹುದ್ದೆ ಉಳಿಯಿತು. ಅವನನ್ನು ನಿನಗೆ ತಂದವಳು ನಾನು ಅನ್ನುವುದನ್ನು ಒಂದು ತಿಂಗಳ ಮಟ್ಟಿಗೆ ಯಾರೂ ಎತ್ತುವುದಿಲ್ಲ.


ಏಪ್ರಿಲ್ ೪

ತಂಗಿಗೆ ಆಶೀರ್ವಾದ.

ನಿನ್ನ ಯಜಮಾನ ಸಿಕ್ಕಿದ್ದ. ನೀನು ಕೇಳಿದ ಮುಖದ ವರ್ಣನೆಗೆ ನನ್ನ ಹತ್ತಿರ ಮಾತು ಸಾಲದು. ರಕ್ತ ಸ್ವಲ್ಪ ಕಡಿಮೆ, ಮಾತ್ರೆ ಕೊಟ್ಟಿದ್ದಾರೆ.

ಮಗುವಿನ ವಿಷಯ. ಅವಸರ ಬೇಡ. ಇಬ್ಬರ ಆರೋಗ್ಯವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಯೋಚನೆ ಮಾಡಿ. ನಿನ್ನದೂ ಒಂದು ರಕ್ತಪರೀಕ್ಷೆ ಆಗಲಿ. ಈಗ ಎಲ್ಲರೂ ಮಾಡಿಸುತ್ತಾರೆ. ಅವನು ದಣಿದಿದ್ದಾನೆ, ಸ್ವಲ್ಪ ದಿನ ಬೇರೆ ಮಲಗಿದರೂ ತಪ್ಪಿಲ್ಲ.

ನನ್ನ ಕೋಣೆಯಾ? ಅರಮನೆ! ಕಾಲು ಚಾಚಿದರೆ ಬಾಗಿಲು, ಕೈ ಚಾಚಿದರೆ ಒಲೆ, ಸೀನಿದರೆ ಪಕ್ಕದವಳು ಕನ್ನಡಿ ಒರೆಸಿಕೊಳ್ಳುತ್ತಾಳೆ. ಕಿಟಕಿಯಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಅಂಗಳ ಕಾಣುತ್ತದೆ.

ಅಕ್ಕ


ಏಪ್ರಿಲ್ ೨೧

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬೇಗ ಹೆತ್ತು ಕೈಗೆ ಕೊಡು ಅಂತ ಮಾರ್ಚಿನಲ್ಲಿ ಬರೆದವಳು ಏಪ್ರಿಲಿನಲ್ಲಿ ಬೇರೆ ಮಲಗು ಅನ್ನುತ್ತೀಯ. ನಿನಗೆ ಮಕ್ಕಳಿಲ್ಲ, ನನಗೆ ಆಗುತ್ತದೆ ಅಂತ ಹೊಟ್ಟೆಕಿಚ್ಚಾ? ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು. ಹಾಕಲಿಲ್ಲ, ಇರಲಿ. ಮಗು ಆಗದಿದ್ದರೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ನೀನು ಒಂದು ಗಳಿಗೆ ಯೋಚಿಸಿದ ಹಾಗೆ ಕಾಣಲಿಲ್ಲ.

ಇವರು ನಿನ್ನ ಊರಿನಿಂದ ಬಂದವರು ತುಂಬಾ ಮೆತ್ತಗಾಗಿದ್ದಾರೆ. ನನಗೊಂದು ಕತ್ತರಿ ತಂದರು, ಮೆಷಿನ್ ಇಲ್ಲದವಳಿಗೆ. ನಾಲ್ಕು ದಿನ ಹೊರಗಿನ ಬೆಂಚಿನ ಮೇಲೆ ಮಲಗಿದರು. ಐದನೇ ದಿನ ಅತ್ತೆ, "ಹೆಂಡತಿ ಇರೋನು ಬೆಂಚ್ ಮೇಲ್ ಮಲಗಿದ್ರೆ ಬೀದಿಯೋರು ಏನಂತಾರೆ" ಅಂತ ಹಾಸಿಗೆಯನ್ನು ತಾವೇ ಎತ್ತಿ ಒಳಗೆ ಹಾಕಿದರು. ಇವರು ದಿಂಬು ಎತ್ತಿಕೊಂಡು ಹಿಂದೆಯೇ ಬಂದರು. ನಾನು ದೀಪ ಆರಿಸಿದೆ.

ಮಾತ್ರೆ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಾರೆ. ರಕ್ತಕ್ಕೆ ಕೊಟ್ಟ ಮಾತ್ರೆಗೆ ಇಷ್ಟು ನಾಚಿಕೆ ಯಾಕೆ ಅಕ್ಕ?

ನಿನ್ನ ಅರಮನೆಯಲ್ಲಿ ನೆಲದ ಮೇಲೆ ಇನ್ನೊಬ್ಬರು ಮಲಗಬಹುದಾ? ಆಸ್ಪತ್ರೆಯಲ್ಲಿ ಹೊದಿಕೆಗೆ ಅಂಚು ಹೊಲಿಯುವವರು ಬೇಕಾಗಿರುವುದಿಲ್ಲವಾ? ಸುಮ್ಮನೆ ಕೇಳಿದೆ.

ಸೂಜಿ


ಮೇ ೫

ತಂಗೀ,

ಹೊಟ್ಟೆಕಿಚ್ಚು ಅಂದೆಯಲ್ಲ, ನೀನಲ್ಲದೆ ಬೇರೆ ಯಾರಾದರೂ ಅಂದಿದ್ದರೆ ಮೂರನೇ ಅಂಕದವರೆಗೆ ಅವರನ್ನು ಬೈದು ಬಿಸಾಡುತ್ತಿದ್ದೆ. ನಿನ್ನನ್ನು ಬೈಯಲಾರೆ.

ಒಂದು ಮಾತನ್ನು ನೆಟ್ಟಗೆ ಬರೆಯುತ್ತೇನೆ, ನಾಚಿಕೊಳ್ಳಬೇಡ. ಆಸ್ಪತ್ರೆಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಗಂಡಸರು ಹಾಕಿಕೊಳ್ಳುವ ನಿರೋಧ್ ಸಿಗುತ್ತದೆ. ಅದಿಲ್ಲದೆ ಅವನನ್ನು ಹತ್ತಿರ ಬಿಡಬೇಡ. ಯಾಕೆ ಎಂದು ಅವನನ್ನೇ ಕೇಳು. ಅವನು ಹೇಳುತ್ತಾನೆ. ಹೇಳಲೇಬೇಕು. ಕಂಪನಿಯಲ್ಲಿ ನೋಡಿದ್ದೀಯಲ್ಲ, ಒಬ್ಬರ ಮಾತನ್ನು ಇನ್ನೊಬ್ಬರು ಆಡಿದರೆ ದೃಶ್ಯ ಕೆಡುತ್ತದೆ. ಇದು ಅವನು ಆಡಬೇಕಾದ ಮಾತು.

ಇಲ್ಲಿ ಸಲಹೆ ಕೊಡುವ ಮೇಡಮ್ಮನ್ನು ಸುತ್ತುಬಳಸಿ ಕೇಳಿದೆ, ಹೆಂಡತಿಗೆ ಹೇಳದ ಗಂಡಂದಿರಿಗೆ ಏನು ಮಾಡುತ್ತೀರಿ ಅಂತ. ಕರೆದುಕೊಂಡು ಬನ್ನಿ ಅಂತ ಪ್ರತಿ ಸಲವೂ ಹೇಳುತ್ತೇವೆ, ಕುತ್ತಿಗೆ ಹಿಡಿದು ತರಲಾಗುತ್ತದೆಯೇ ಅಂದರು.

ಹಾಸ್ಟೆಲಿನಲ್ಲಿ ಒಂದು ಮಂಚಕ್ಕೆ ಒಬ್ಬಳೇ. ಮೇಲ್ವಿಚಾರಕಿ ಸಂಜೆ ತಲೆ ಎಣಿಸುತ್ತಾಳೆ. ನೀನು ಬಂದರೆ ನಿನ್ನನ್ನು ಪೆಟ್ಟಿಗೆಯೊಳಗೆ ಮಡಿಚಿ ಇಡಬೇಕಾಗುತ್ತದೆ, ರಾಣಿಯ ಉಡುಪಿನ ಹಾಗೆ!

ಅಕ್ಕ


ಮೇ ೩೦

ಅಕ್ಕ,

ನೀನು ಹೇಳಿದ ಹಾಗೆ ಇವರನ್ನು ಕೇಳಿದೆ. ಅವರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ಆಮೇಲೆ, "ಇದನ್ನ ಯಾರ ಹತ್ರ ಕಲಿತೆ?" ಅಂದರು. ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಅಷ್ಟೇ.

ಗೋಡೆಯ ಆಚೆ ಅತ್ತೆ ಇದ್ದರು. ಮರುದಿನ ಮನೆಯಲ್ಲಿ ನನ್ನನ್ನು ನಾಟಕದವಳು ಅನ್ನತೊಡಗಿದರು. "ನಾಟಕದೋಳೇ, ನೀರ್ ತುಂಬಿಸು." ಮೂರು ವರ್ಷ ಆಡದ ಮಾತು ಅದು. ಮಗು ಬೇಡ ಅನ್ನುವ ಹೆಂಗಸಿಗೆ ಬೇರೆ ಯಾರೋ ಇರಬೇಕಂತೆ. ನಾನು ಇವರನ್ನು ಎರಡನೆಯ ಸಲ ಕೇಳಲಿಲ್ಲ. ಕೇಳುವುದಕ್ಕೆ ಕಾಲಿಗೆ ನೆಲ ಬೇಕು. ನನ್ನ ಕಾಲ ಕೆಳಗಿರುವುದು ಅವರ ಮನೆಯ ನೆಲ.

ಬಾಡಿಗೆಗೆ ಒಂದು ಕೋಣೆ ಹಿಡಿಯುವುದು ಅಲ್ಲಿ ಕಷ್ಟವಾ? ಉತ್ತರ ಬರೆಯದಿದ್ದರೂ ನಡೆಯುತ್ತದೆ.

ಸೂಜಿ


ಜುಲೈ ೧೨

ನನ್ನ ಧೀರ ತಂಗೀ,

ಜೂನಿನಲ್ಲಿ ಬರೆದ ಎರಡು ಕಾಗದಕ್ಕೂ ನಿನ್ನಿಂದ ಸುದ್ದಿಯಿಲ್ಲ. ನಾನಿಲ್ಲಿ ಬೆಂಕಿಯ ಮೇಲೆ ನಿಂತಿದ್ದೆ. ಇವತ್ತು ಅವನು ಮಾತ್ರೆ ತೆಗೆದುಕೊಳ್ಳಲು ಬಂದಿದ್ದ. ಬಾಗಿಲಲ್ಲೇ ಅಡ್ಡಗಟ್ಟಿ, ಹೇಳಿದೆಯಾ ಇಲ್ಲವಾ ಅಂದೆ. "ಹೇಳ್ದೆ ಅತ್ತಿಗೆ. ಅವಳಿಗೆ ಎಲ್ಲ ಗೊತ್ತು. ಧೈರ್ಯವಾಗಿದ್ದಾಳೆ" ಅಂದ.

ಮೂರು ತಿಂಗಳ ಭಾರ ಅಲ್ಲೇ ಇಳಿಯಿತು. ಇನ್ನು ನಿನ್ನ ಹತ್ತಿರ ಮುಚ್ಚುಮರೆ ಇಲ್ಲ. ಹೌದು, ನನಗೆ ಏಪ್ರಿಲ್ ಮೂರರಿಂದಲೇ ಗೊತ್ತಿತ್ತು. ಮಾತು ಕೊಟ್ಟಿದ್ದೆ. ಅವನು ತಡಮಾಡಿದರೂ ಹೇಳಿದನಲ್ಲ! ಗಂಡಸು ತನ್ನ ತಪ್ಪನ್ನು ಹೆಂಡತಿಯ ಎದುರು ಆಡುವುದು ಸಣ್ಣ ವಿಷಯವಲ್ಲ. ನೀನು ಕೂಡಲೇ ಇಲ್ಲಿ ಬಂದು ಪರೀಕ್ಷೆ ಮಾಡಿಸಿಕೊ. ಈ ಕಾಲದಲ್ಲಿ ಮಾತ್ರೆ ಬಿಡದೆ ನುಂಗಿದರೆ ಆಯುಸ್ಸು ಪೂರ್ತಿ ಬದುಕುತ್ತಾರೆ, ನಾನು ದಿನಾ ನೋಡುತ್ತಿದ್ದೇನೆ. ನೀನು ತಪ್ಪಿಸಿಕೊಂಡಿರುತ್ತೀಯ ಅಂತ ನನ್ನ ಮನಸ್ಸು ಹೇಳುತ್ತಿದೆ.

ಅಕ್ಕ


ಜುಲೈ ೨೫

ಅಕ್ಕ,

ಅವರು ನನಗೆ ಏನೂ ಹೇಳಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಆದರೆ ನಿನ್ನ ಕಾಗದದಿಂದ ತಿಳಿಯಿತು ಅಂತ ಎದೆ ಬಡಿದುಕೊಳ್ಳಬೇಡ. ಏಪ್ರಿಲ್ ಇಪ್ಪತ್ತೆಂಟಕ್ಕೆ ಒಂದು ಮಾತ್ರೆಯನ್ನು ಕಾಗದದಲ್ಲಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋದೆ. ಅಂಗಡಿಯವಳು ತಿರುಗಿಸಿ ನೋಡಿ, "ಇದು ನಿಮ್ಮದಾ, ನಿಮ್ಮೋರದಾ?" ಅಂದಳು. ನಮ್ಮವರದು ಅಂದೆ. ಸ್ಟೂಲು ಎಳೆದು ಕೂರಿಸಿ ಎಲ್ಲ ಹೇಳಿದಳು. ಹೆಸರೂ ಗೊತ್ತಿಲ್ಲದವಳು. ಮೇ ತಿಂಗಳ ನಿನ್ನ ಕಾಗದ ಬರುವ ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ನೀನು ನೆಟ್ಟಗೆ ಬರೆಯುತ್ತೇನೆ ಅಂದ ಜಾಗದಲ್ಲಿ, ಈಗ ಬರೆಯುತ್ತಾಳೆ, ಈಗ ಬರೆಯುತ್ತಾಳೆ ಅಂತ ಓದಿದೆ. ಒಬ್ಬರ ಮಾತನ್ನು ಇನ್ನೊಬ್ಬರು ಆಡಿದರೆ ದೃಶ್ಯ ಕೆಡುತ್ತದೆ ಅಂತ ನೀನು ಬರೆದಿದ್ದೆ.

ಗೊತ್ತಿದ್ದೂ ಯಾಕೆ ಆ ಮನೆಯಲ್ಲಿದ್ದೆ ಅಂತ ಕೇಳುತ್ತೀಯ. ಎಲ್ಲಿಗೆ ಹೋಗಲಿ? ಕಂಪನಿ ಮುಚ್ಚಿದೆ. ಮೆಷಿನ್ ಹೋಗಿದೆ. ನಿನ್ನ ಕೋಣೆಯನ್ನು ಮೂರು ಸಲ ಕೇಳಿದೆ, ಮೂರು ಸಲವೂ, ಜೂನಿನ ಕಾಗದದಲ್ಲೂ, ನೀನು ನಗಿಸಿದೆ. ನೀನು ಪರೀಕ್ಷೆಗೆ ಬಾ ಅಂದೆ, ಜಾಗ್ರತೆಯಾಗಿರು ಅಂದೆ, ಅವನನ್ನು ಕೇಳು ಅಂದೆ. ನನ್ನ ಹತ್ತಿರ ಬಂದುಬಿಡು ಅಂತ ಮಾತ್ರ ಬರೆಯಲಿಲ್ಲ. ಆ ಒಂದು ಸಾಲು ಬಂದಿದ್ದರೆ ಮೇ ತಿಂಗಳಲ್ಲಿ ಉಟ್ಟ ಬಟ್ಟೆಯಲ್ಲೇ ಹೊರಡುತ್ತಿದ್ದೆ. ಬರಲಿಲ್ಲ. ಅವರು ಬಂದರು, ನಾನು ಗೋಡೆಯ ಕಡೆ ಮುಖ ಮಾಡಿದೆ.

ಈಗ ನನಗೆ ಎರಡು ತಿಂಗಳು ತುಂಬಿದೆ. ಅತ್ತೆಗೆ ಖುಷಿಯೋ ಖುಷಿ, ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆ ನನಗೂ ಮಾಡಿದರು. ಇದೆ ಅಕ್ಕ. ನನಗೂ ಇದೆ.

ಡಾಕ್ಟರಮ್ಮ ಅವತ್ತೇ ಮಾತ್ರೆ ಶುರು ಮಾಡಿದರು. ತಪ್ಪಿಸದೆ ನುಂಗಿದರೆ ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು ಅಂದರು. ಆ ಮಾತೊಂದನ್ನೇ ಹಿಡಿದುಕೊಂಡಿದ್ದೇನೆ. ಆದರೆ ಬಾಗಿಲ ಸಂದಿನಿಂದ ಅತ್ತೆ ಎಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ನಾಟಕದವಳು ಮೈಯಲ್ಲಿ ರೋಗ ಇಟ್ಟುಕೊಂಡೇ ಬಂದಿದ್ದಳು, ನನ್ನ ಮಗನಿಗೂ ಹಚ್ಚಿದಳು. ಇವರು ಅಲ್ಲೇ ಕೂತು ಶೂಸಿನ ಲೇಸು ಬಿಚ್ಚುತ್ತಿದ್ದರು. ಒಂದು ಶೂಸಿನದನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದರು. ತಲೆ ಎತ್ತಲಿಲ್ಲ.

ಈಗ ಅವರಿಗೆ ಎದೆಯಲ್ಲಿ ಕ್ಷಯ. ಮಾತ್ರೆಯನ್ನು ಕದ್ದುಮುಚ್ಚಿ ನುಂಗಬೇಕಾಗಿದ್ದರಿಂದ ಎಷ್ಟೋ ದಿನ ನುಂಗಿಯೇ ಇರಲಿಲ್ಲ. ನಿಮ್ಮ ಆಸ್ಪತ್ರೆಗೇ ತರುತ್ತಾರೆ. ಅತ್ತೆ ಜೊತೆಯಲ್ಲಿರುತ್ತಾರೆ. ನಿನ್ನ ಕ್ಷಮಾಪಣೆ ನನಗೆ ಬೇಡ. ಒಂದೇ ಕೆಲಸ ಮಾಡು. ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಅವರ ಬಾಯಿಂದಲೇ ಅವರ ತಾಯಿಗೆ ಹೇಳಿಸು.


ಆಗಸ್ಟ್ ೨೦

ತಂಗೀ,

ಹೇಳಿಸಿದೆ.

ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ. ಬಾಯಿಗೆ ಮುಸುಕು ಕಟ್ಟಿಕೊಂಡು ಹೋಗಿ ಅವನ ಕಾಲ ಹತ್ತಿರ ನಿಂತೆ. ನಿನ್ನ ಅತ್ತೆ ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದರು. ಇಪ್ಪತ್ತು ವರ್ಷದ ಅಬ್ಬರವನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಹೋಗಿದ್ದೆ. ಗುಡುಗಬೇಕು, ಕಿಟಕಿಯ ಗಾಜು ನಡುಗಬೇಕು ಅಂತಿದ್ದೆ. ಅವನ ಭುಜದ ಮೂಳೆ ನೋಡಿದೆ. ದನಿ ತಾನಾಗಿಯೇ ಇಳಿಯಿತು. ನಾನು ಕೊಟ್ಟ ಮಾತನ್ನು ವಾಪಸ್ಸು ತಗೊಂಡಿದ್ದೀನಿ, ಈಗ ನೀನು ಹೇಳು, ಇಲ್ಲದಿದ್ದರೆ ನಾನು ಹೇಳ್ತೀನಿ ಅಂದೆ.

ಅವನು ಹೇಳಿದ. ಉಸಿರು ಎಳೆದುಕೊಂಡು, ಮೂರು ಸಲ ನಿಲ್ಲಿಸಿ ಹೇಳಿದ. "ಅಮ್ಮ, ನನ್ನಿಂದ್ಲೇ ಅವಳಿಗೆ ಬಂದಿದ್ದು. ಅವಳದು ಏನೂ ತಪ್ಪಿಲ್ಲ."

ಇನ್ನು ಆ ಹೆಂಗಸು ಕುಸಿಯುತ್ತಾಳೆ, ಅಳುತ್ತಾಳೆ, ನಿನ್ನ ಹೆಸರು ಹಿಡಿದು ಕೂಗುತ್ತಾಳೆ ಅಂತ ಕಾದೆ ತಂಗೀ. ರಂಗದ ಮೇಲೆ ಹಾಗೇ ಆಗುತ್ತದೆ. ಆಕೆ ಚಮಚವನ್ನು ಒರೆಸಿ ಲೋಟದೊಳಗೆ ನಿಲ್ಲಿಸಿದರು. "ಗಂಡಸು, ಊರೂರು ತಿರುಗ್ತಾನೆ, ಏನೋ ಆಗತ್ತೆ. ಮನೇಲಿರೋಳು ಅವಳು. ಗಂಡನ್ನ ಹಿಡ್ಕೊಳಕ್ ಬರ್ಬೇಕಿತ್ತು ಅವಳಿಗೆ." ಅಷ್ಟು ಹೇಳಿ ಅವನ ಗಲ್ಲ ಒರೆಸಿದರು.

ಅಲ್ಲಿಂದ ನೆಟ್ಟಗೆ ಮೇಲ್ವಿಚಾರಕಿಯ ಹತ್ತಿರ ಹೋಗಿ ನಡೆದದ್ದೆಲ್ಲ ಒಪ್ಪಿಕೊಂಡೆ. ರೋಗಿಯನ್ನು ಹೆದರಿಸಿದ್ದು ತಪ್ಪು, ಅದರಲ್ಲಿ ಅನುಮಾನವಿಲ್ಲ ಅಂದಳು. ನಂಬರು ಕೂಗುವ ಕೆಲಸ ಹೋಯಿತು. ಬಟ್ಟೆ ಒಗೆಯುವ ಅಂಗಳದಲ್ಲಿ ಹಾಕಿದ್ದಾರೆ, ದಿನಗೂಲಿ. ಹಾಸ್ಟೆಲ್ ಬಿಡಬೇಕು. ಬಿಟ್ಟೆ.

ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಒಂದು ಬಾಗಿಲು, ಒಂದು ಕಿಟಕಿ, ಹೊರಗೆ ನಲ್ಲಿ. ಕರಾರು ಪತ್ರಕ್ಕೆ ನಿನ್ನ ಹೆಸರನ್ನೂ ಸೇರಿಸಿ ಅಂದಾಗ ಮನೆಯ ಯಜಮಾನ, "ಅವರ ಗಂಡನ ಸಹಿ?" ಅಂದ. ಬೇಕಿಲ್ಲ ಅಂದೆ. ಬಹಳ ಜೋರಾಗಿ ಅಂದಿರಬೇಕು, ಬರೆದುಕೊಂಡ. ನಿನ್ನ ಹೆಸರು ಮೊದಲಿದೆ.

ಬಾ. ಮೂರೂವರೆ ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಬಂದುಬಿಡು.

ಅಕ್ಕ


ಸೆಪ್ಟೆಂಬರ್ ೪

ಅಕ್ಕ,

ಶನಿವಾರ ಅವರು ಹೋದದ್ದು ನಿನಗೆ ಗೊತ್ತೇ ಇದೆ. ಇಲ್ಲಿಗೆ ತಂದರು. ಮುಖ ನೋಡಲು ಬಿಟ್ಟರು, ಹತ್ತಿರ ಕೂರಲು ಬಿಡಲಿಲ್ಲ. ನಾದಿನಿಯ ಮನೆಯವರು ಮುಂದಿನ ಕೋಣೆಗೆ ಸಾಮಾನು ತಂದಿಟ್ಟಾಗಿದೆ. ನನ್ನ ತಟ್ಟೆ, ಲೋಟ, ಹಾಸಿಗೆ ಹಿತ್ತಲಲ್ಲಿವೆ.

ಗುರುವಾರ ಬರುತ್ತೇನೆ. ಮೂರು ಗಂಟೆಯ ಬಸ್ಸು. ನೀನು ನಿಲ್ದಾಣಕ್ಕೆ ಬರಬೇಡ. ಅಲ್ಲಿ ನನ್ನನ್ನು ನೋಡಿದ ಕೂಡಲೇ ಅಳುತ್ತೀಯ, ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡುತ್ತಾ ನಿಲ್ಲಬೇಕಾಗುತ್ತದೆ. ನನ್ನ ಹತ್ತಿರ ಅಷ್ಟು ಶಕ್ತಿ ಇಲ್ಲ. ಇರುವಷ್ಟು ಶಕ್ತಿ ಮಗುವಿಗೆ ಬೇಕು.

ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿರು. ಮಾತ್ರೆ ನುಂಗಲು ನೀರು ತುಂಬಿಸಿಡು. ನನಗೊಂದು ಚಾಪೆ ಸಾಕು. ನಾನು ಒಳಗೆ ಬಂದು ಚಿಲಕ ಹಾಕಿಕೊಂಡು ಒಬ್ಬಳೇ ಸ್ವಲ್ಪ ಹೊತ್ತು ಇರಬೇಕು. ಯಾರೂ ಎದ್ದು ಹೋಗು ಅನ್ನದ ಕೋಣೆಯಲ್ಲಿ ಕೂತರೆ ಹೇಗಿರುತ್ತದೆ, ನೋಡಬೇಕು.

ಕೆಲಸ ಮುಗಿಸಿಕೊಂಡು ನೀನು ಬಂದು ಬಾಗಿಲು ತಟ್ಟು. ಮೆಲ್ಲಗೆ ತಟ್ಟು. ಅಕ್ಕ ಬಂದಿದ್ದಾಳೆ ಅಂತ ಕೂಡಲೇ ತೆಗೆಯುತ್ತೇನೋ, ನಿನ್ನನ್ನು ಹೊರಗೆ ಎಷ್ಟು ಹೊತ್ತು ನಿಲ್ಲಿಸುತ್ತೇನೋ, ಈಗಲೇ ಹೇಳಲಾರೆ.